ಕ್ಯಾನ್‌ಬೆರಾದ ಕುರುಚಲು ಕಾಡು ಮತ್ತು ನಮ್ಮ ಶಾಲೆಯ ಹಿಂದಿನ ಗುಡ್ಡ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ 'ಸರ್ಕಾರಿ ಶಾಲೆಯಿಂದ ವಿದೇಶದವರೆಗೆ' ಅಂತ. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದೆ, ಪಿಯುಸಿಯಲ್ಲಿ ಇಂಗ್ಲಿಷ್ ಅರ್ಥವಾಗದೆ ಆರು ತಿಂಗಳು ಒದ್ದಾಡಿದೆ, ಸಿಇಟಿ ಬರೆದು ಬಿ.ಇ. ಸೇರಿದೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಕಂಪನಿಯವರು ಎರಡು ವರ್ಷ ಆಸ್ಟ್ರೇಲಿಯಾಕ್ಕೆ ಕಳಿಸಿದರು. ವಾಪಸ್ ಬಂದೆ. ಮುಗಿಯಿತು. ಇವತ್ತು ನಾನು ಹೇಳಬೇಕೆಂದಿರುವುದು ಬೇರೆ. ಅಲ್ಲಿ ನೋಡಿದ ಒಂದು ಕಾಡಿನ ಬಗ್ಗೆ, ಮತ್ತು ಈ ಶಾಮಿಯಾನದ ಹಿಂದೆ ನಿಮಗೆಲ್ಲ ಕಾಣುತ್ತಿರುವ ಆ ಗುಡ್ಡದ ಬಗ್ಗೆ. ಗುಡ್ಡದ ವಿಚಾರದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ನಿಮ್ಮೆದುರೇ ಒಪ್ಪಿಕೊಂಡು ತಿದ್ದಿಕೊಳ್ಳೋಣ ಅಂತ ಬಂದಿದ್ದೇನೆ.

ನಾನು ಇದ್ದದ್ದು ಕ್ಯಾನ್‌ಬೆರಾದಲ್ಲಿ. ಆಸ್ಟ್ರೇಲಿಯಾ ಅಂದರೆ ನಮಗೆ ಸಿಡ್ನಿ, ಮೆಲ್ಬರ್ನ್ ಗೊತ್ತು, ಅದೂ ಕ್ರಿಕೆಟ್‌ನಿಂದ. ಆದರೆ ರಾಜಧಾನಿ ಕ್ಯಾನ್‌ಬೆರಾ. ಅದು ತಾನಾಗಿ ಬೆಳೆದ ಊರಲ್ಲ, ಯೋಜನೆ ಹಾಕಿ ಕಟ್ಟಿದ ಊರು. 1912ರಲ್ಲಿ ನಡೆದ ಸ್ಪರ್ಧೆಯಲ್ಲಿ ವಾಲ್ಟರ್ ಬರ್ಲಿ ಗ್ರಿಫಿನ್ ಎಂಬ ಅಮೆರಿಕದ ವಾಸ್ತುಶಿಲ್ಪಿಯ ನಕ್ಷೆ ಗೆದ್ದಿತು. ಅದನ್ನು ಬಿಡಿಸುವುದರಲ್ಲಿ ಅವರ ಹೆಂಡತಿ ಮೇರಿಯನ್ ಅವರ ಕೈಯೂ ಇತ್ತು. ಈ ಗ್ರಿಫಿನ್ ಆಮೇಲೆ ನಮ್ಮ ದೇಶಕ್ಕೆ ಕೆಲಸಕ್ಕೆ ಬಂದು 1937ರಲ್ಲಿ ಲಖನೌದಲ್ಲಿ ತೀರಿಕೊಂಡರು ಅನ್ನುವುದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು. ಆ ಊರಿನ ವಿಶೇಷ ಏನೆಂದರೆ, ಗುಡ್ಡಗಳ ಮೇಲೆ ಮನೆ ಕಟ್ಟುವುದಿಲ್ಲ. ಮನೆಗಳೆಲ್ಲ ತಗ್ಗಿನಲ್ಲಿ, ಗುಡ್ಡಗಳೆಲ್ಲ ಗಿಡಮರಕ್ಕೆ. ಊರಿನ ಒಳಗೂ ಅಂಚಿನಲ್ಲೂ ಹೀಗೆ ಕಾಯ್ದಿಟ್ಟ ಕಾಡುಗಳು ಮೂವತ್ತಕ್ಕೂ ಹೆಚ್ಚು ಇವೆ. ಅವರ ಮಾತಿನಲ್ಲಿ ಅದು 'ಬುಷ್'. ದಟ್ಟ ಅಡವಿಯಲ್ಲ. ಅಲ್ಲೊಂದು ಇಲ್ಲೊಂದು ಮರ, ನಡುವೆ ಪೊದೆ, ಹುಲ್ಲು, ಬಂಡೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕುರುಚಲು ಕಾಡು.

ನನ್ನ ಬಾಡಿಗೆ ಮನೆ ಊರಿನ ಉತ್ತರ ಭಾಗದಲ್ಲಿತ್ತು, ಗುಂಗಾಲಿನ್ ಅನ್ನುವ ಕಡೆ. ಎಲ್ಲಾ ಹೊಸ ಬಡಾವಣೆಗಳು. ನಮ್ಮ ಹೊಸಕೋಟೆ, ಮಾಲೂರು ಕಡೆ ಹೇಗೆ ವರ್ಷ ವರ್ಷ ಲೇಔಟ್ ಬೆಳೆಯುತ್ತಿದೆಯೋ ಹಾಗೆ. ಆ ಬಡಾವಣೆಗಳ ಕೊನೆಯ ಬೀದಿ ಮುಗಿಯುವಲ್ಲೇ ಒಂದು ಬೇಲಿ, ಬೇಲಿಯ ಆಚೆ 'ಮಲ್ಲಿಗನ್ಸ್ ಫ್ಲ್ಯಾಟ್' ಎಂಬ ಕಾಯ್ದಿಟ್ಟ ಕಾಡು. ಒಂದು ಭಾನುವಾರ, ಬಟ್ಟೆ ಒಗೆದಾಗಿತ್ತು, ಮನೆಗೆ ಫೋನ್ ಮಾಡಿ ಆಗಿತ್ತು, ಬೇರೆ ಕೆಲಸವಿರಲಿಲ್ಲ. ನೋಡಿ ಬರೋಣ ಅಂತ ಹೊರಟೆ. ಹಗಲು ಹೊತ್ತು ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ.

ಬಾಗಿಲಲ್ಲೇ ಆಶ್ಚರ್ಯ. ಒಂದಲ್ಲ, ಎರಡು ಗೇಟು. ಮೊದಲನೆಯದನ್ನು ತೆಗೆದು ಒಳಗೆ ನಿಂತು, ಅದನ್ನು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆಗೆಯಬೇಕು. ಬೇಲಿ ನನ್ನ ತಲೆಗಿಂತ ಎತ್ತರ. ಬುಡದಲ್ಲಿ ಜಾಲರಿಯನ್ನು ನೆಲದ ಮೇಲೂ ಹಾಸಿದ್ದಾರೆ, ಯಾವ ಪ್ರಾಣಿಯೂ ಅಡಿಯಿಂದ ತೋಡಿಕೊಂಡು ನುಗ್ಗಬಾರದು ಅಂತ. ಇಷ್ಟು ಭದ್ರ ಮಾಡಿದ್ದಾರೆಂದರೆ ಒಳಗೆ ಏನಿರಬಹುದು ಅಂತ ಕುತೂಹಲದಿಂದ ಕಾಲಿಟ್ಟೆ. ಏನಿದೆ? ಒಣಹುಲ್ಲು. ಕಲ್ಲು. ಅಡ್ಡಾದಿಡ್ಡಿ ಬಿದ್ದ ಒಣ ಕೊಂಬೆಗಳು. ಮರಗಳು ಯಾವುವು ಅಂತ ಹತ್ತಿರ ಹೋಗಿ ಎಲೆ ಕಿತ್ತು ಮೂಸಿದರೆ, ನೀಲಗಿರಿ!

ನನಗೆ ನಗು ಬಂತು. ಕೋಲಾರ ಜಿಲ್ಲೆಯವನು ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಿ ಬಂದು ನೋಡಿದ್ದು ನೀಲಗಿರಿ ತೋಪು. ನಮ್ಮ ತಾತ ಇದ್ದಿದ್ದರೆ, "ಇದಕ್ಕೆ ಅಷ್ಟು ದೂರ ಹೋಗ್ಬೇಕಾಗಿತ್ತೇನೋ?" ಅನ್ನುತ್ತಿದ್ದರು.

ಅಲ್ಲಿ ಒಬ್ಬರು ಹಿರಿಯರು ಸಿಕ್ಕರು. ನಿವೃತ್ತ ಶಾಲಾ ಮೇಷ್ಟ್ರು. ವಾರಕ್ಕೊಮ್ಮೆ ಸಂಬಳವಿಲ್ಲದೆ ಬಂದು ನೋಡಲು ಬಂದವರಿಗೆ ಕಾಡು ತೋರಿಸುತ್ತಾರೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. "ನಿರಾಸೆಯಾಯಿತಾ?" ಅಂದರು. ನಾನು ನಿಜ ಹೇಳಿದೆ. "ನಮ್ಮೂರಲ್ಲಿ ಈ ಮರವನ್ನು ಕಂಡರೆ ಜನಕ್ಕೆ ಆಗುವುದಿಲ್ಲ, ಬಾವಿ ಬತ್ತಿಸಿತು ಅಂತ ಬೈಯುತ್ತಾರೆ." ಅವರು ನಕ್ಕು, "ನಮ್ಮ ಮರ ನಿಮ್ಮಲ್ಲಿ ಏನು ಮಾಡಿತು ಹೇಳು, ಆಮೇಲೆ ಅದು ಇಲ್ಲಿ ಏನು ಮಾಡುತ್ತದೆ ಅಂತ ನಾನು ಹೇಳುತ್ತೇನೆ" ಅಂದರು.

ನಾನು ಹೇಳಿದೆ. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ತೋಟಕ್ಕೆ ಈ ಮರ ಬಂತು ಅಂತ ನಮ್ಮ ಕಡೆ ಹೇಳುತ್ತಾರೆ. ಆಗ ಅದು ಬೆಟ್ಟದ ಮೇಲಿನ ಕೆಲವು ಮರ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಜಿಲ್ಲೆಯ ಗೋಮಾಳ, ಕೆರೆಯಂಗಳ ಮಾತ್ರವಲ್ಲ, ರಾಗಿ ಹೊಲಗಳೂ ನೀಲಗಿರಿ ತೋಪುಗಳಾದವು. ಅದರ ಕೆಳಗೆ ಹುಲ್ಲು ಸರಿಯಾಗಿ ಬರಲಿಲ್ಲ, ದನ ಮೇಯಲಿಲ್ಲ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಅವರು ನನ್ನನ್ನು ಒಂದು ದೊಡ್ಡ ಮರದ ಹತ್ತಿರ ಕರೆದುಕೊಂಡು ಹೋದರು. 'ಯೆಲ್ಲೋ ಬಾಕ್ಸ್' ಅಂತ ಅದರ ಹೆಸರು. ಪಕ್ಕದಲ್ಲಿದ್ದದ್ದು 'ಬ್ಲೇಕ್ಲೀಸ್ ರೆಡ್ ಗಮ್'. ಎರಡೂ ನೀಲಗಿರಿಯ ಜಾತಿಯವೇ. ಮೇಲೆ ಕೊಂಬೆ ಮುರಿದ ಜಾಗದಲ್ಲಿ ಪೊಟರೆ. ಅದರಲ್ಲಿ ಗಿಣಿಗಳ ಸಂಸಾರ. ಅಂಥ ಒಂದು ಪೊಟರೆ ಆಗಬೇಕಾದರೆ ಮರಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಬೇಕಂತೆ. ಹೂವಿಗೆ ಜೇನು, ಎಲೆಗೆ ಹುಳು, ಹುಳುವಿಗೆ ಹಕ್ಕಿ, ಬಿದ್ದ ಕೊಂಬೆಯ ಅಡಿಯಲ್ಲಿ ಹಲ್ಲಿ. ಅಲ್ಲಿ ಆ ಮರಕ್ಕೆ ನೂರಾರು ನೆಂಟರು. ನಮ್ಮಲ್ಲಿ ಅದು ನೆಂಟರಿಲ್ಲದ ಮರ. ತಪ್ಪು ಮರದ್ದಲ್ಲ, ಜಾಗದ್ದು ಅಂತ ನನಗೆ ಆಗ ಹೊಳೆಯಿತು. ಅದೇ ರೀತಿ, ನಮ್ಮ ಗುಡ್ಡದಲ್ಲಿ ಹಬ್ಬಿರುವ ಲಂಟಾನ ಇದೆಯಲ್ಲ, ಅದು ಅಮೆರಿಕ ಖಂಡದಿಂದ ಬಂದ ಅಲಂಕಾರದ ಗಿಡ. ಅದು ನಮಗೂ ಶತ್ರು, ಆಸ್ಟ್ರೇಲಿಯಾದವರಿಗೂ ಶತ್ರು.

"ಈ ಒಣ ಕೊಂಬೆ, ದಿಮ್ಮಿ ಯಾಕೆ ಹೀಗೆ ಬಿದ್ದಿವೆ, ಯಾರೂ ಸೌದೆಗೆ ಒಯ್ಯುವುದಿಲ್ಲವೇ?" ಅಂತ ಕೇಳಿದೆ. ಉತ್ತರ ಕೇಳಿ ದಂಗಾದೆ. ಅವು ತಾವಾಗಿ ಬಿದ್ದವಲ್ಲ. ಹಿಂದೆ ಇದು ಕುರಿ ಮೇಯಿಸುತ್ತಿದ್ದ ಜಮೀನು. ಬಿದ್ದ ಮರವನ್ನೆಲ್ಲ ತಲೆಮಾರುಗಳ ಕಾಲ ಆರಿಸಿ ಒಯ್ದಿದ್ದರು. ಆಮೇಲೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ವಿಜ್ಞಾನಿಗಳು ಮುಂದೆ ನಿಂತು, ಸುಮಾರು 2000 ಟನ್ ಮರದ ದಿಮ್ಮಿಗಳನ್ನು ಲಾರಿಗಳಲ್ಲಿ ತರಿಸಿ ಇಲ್ಲೂ ಪಕ್ಕದ ಕಾಡಿನಲ್ಲೂ ಹಾಕಿಸಿದರು. ಹಲ್ಲಿ, ಜೀರುಂಡೆ, ಅಣಬೆ ವಾಪಸ್ ಬರಲಿ ಅಂತ. ಲಾರಿಯಲ್ಲಿ ಕಾಡಿನಿಂದ ಮರ ಹೊರಗೆ ಹೋಗುವುದನ್ನು ನಾನು ನೋಡಿದ್ದೆ. ಕಾಡಿಗೆ ಒಣಮರ ತುಂಬಿಕೊಂಡು ಹೋದ ಕಥೆ ಕೇಳಿದ್ದು ಅದೇ ಮೊದಲು.

ಇನ್ನು ಬೇಲಿಯ ಕಥೆ. ಆ ದೇಶಕ್ಕೆ ಹೋಗಿ ನೆಲೆಸಿದ ಯುರೋಪಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಯ ಮೋಜಿಗೆ ಮೊಲ ಬಿಟ್ಟರು, ನರಿ ಬಿಟ್ಟರು. ಜೊತೆಗೆ ಸಾಕಿದ ಬೆಕ್ಕುಗಳು ಕಾಡು ಸೇರಿದವು. ಅಲ್ಲಿನ ಸಣ್ಣ ಪ್ರಾಣಿಗಳಿಗೆ ನರಿ, ಬೆಕ್ಕು ಅಂದರೆ ಏನೆಂದೇ ಗೊತ್ತಿರಲಿಲ್ಲ. ಒಂದೊಂದಾಗಿ ಮುಗಿದುಹೋದವು. ಅದಕ್ಕೇ 2009ರಲ್ಲಿ ಹನ್ನೊಂದೂವರೆ ಕಿಲೋಮೀಟರ್ ಉದ್ದದ ಬೇಲಿ ಕಟ್ಟಿ, 485 ಹೆಕ್ಟೇರ್, ಅಂದರೆ ಸುಮಾರು 1200 ಎಕರೆ ಜಾಗವನ್ನು ಸುತ್ತುವರಿದು, ಒಳಗಿದ್ದ ನರಿ ಬೆಕ್ಕುಗಳನ್ನು ಖಾಲಿ ಮಾಡಿಸಿದರು. ಆಮೇಲೆ ಪಕ್ಕದ ಗೂರೂಯಾರೂ ಎಂಬ ಕಾಡಿಗೂ ಬೇಲಿ ಬೆಳೆಸಿ ಈಗ 1200 ಹೆಕ್ಟೇರಿಗೂ ಹೆಚ್ಚಾಗಿದೆ. ಅಲ್ಲಿ ಮೊದಲಿನಿಂದ ಇದ್ದವರು ನುನ್ನವಾಲ್ ಜನ. ಬೇಲಿಗಿಂತ, ಬಡಾವಣೆಗಿಂತ, ಕುರಿ ಜಮೀನಿಗಿಂತ ಸಾವಿರಾರು ವರ್ಷ ಮೊದಲೇ ಆ ನೆಲವನ್ನು ನೋಡಿಕೊಂಡಿದ್ದವರು. ಮೇಷ್ಟ್ರು ಮಾತು ಶುರು ಮಾಡುವಾಗಲೇ ಅವರ ಹೆಸರು ಹೇಳಿ ಗೌರವ ಸಲ್ಲಿಸಿದರು.

ಹಗಲು ನೋಡಿದ್ದು ಅರ್ಧ, ರಾತ್ರಿ ಬಾ ಅಂದರು. ಟಿಕೆಟ್ ತೆಗೆದುಕೊಂಡು ಸಂಜೆಯ ನಡಿಗೆಗೆ ಹೋದೆ. ಹತ್ತು ಹನ್ನೆರಡು ಜನ. ಎಲ್ಲರ ಕೈಗೂ ಕೆಂಪು ಬೆಳಕಿನ ಟಾರ್ಚ್, ಪ್ರಾಣಿಗಳ ಕಣ್ಣಿಗೆ ತೊಂದರೆಯಾಗಬಾರದು ಅಂತ. ಚಳಿ ಅಂದರೆ ಚಳಿ. ನಮ್ಮೂರ ಸಂಕ್ರಾಂತಿ ಚಳಿ ಅದರ ಮುಂದೆ ಬೇಸಿಗೆ. ಮೊದಲು ಕಂಡದ್ದು ಬೆಟಾಂಗ್. ಮೊಲದಷ್ಟು ಗಾತ್ರ, ಕಾಂಗರೂವಿನ ಹಾಗೆ ಕುಪ್ಪಳಿಸುತ್ತದೆ, ಗೂಡಿಗೆ ಹುಲ್ಲನ್ನು ಬಾಲದಲ್ಲಿ ಸುತ್ತಿಕೊಂಡು ಒಯ್ಯುತ್ತದೆ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಅದು ಅಳಿದು ಸುಮಾರು ನೂರು ವರ್ಷವಾಗಿತ್ತು. ನರಿಗಳು ನೆಲೆಯೂರದ ಟಾಸ್ಮೇನಿಯಾ ದ್ವೀಪದಲ್ಲಿ ಮಾತ್ರ ಉಳಿದಿತ್ತು. ಅಲ್ಲಿಂದ ತಂದು 2012ರಲ್ಲಿ ಇಲ್ಲಿ ಬಿಟ್ಟರು. ನೆಲದೊಳಗಿನ ಅಣಬೆ ಹುಡುಕಿಕೊಂಡು ರಾತ್ರಿಯೆಲ್ಲ ಮಣ್ಣು ಕೆದಕುತ್ತದೆ. ಆ ಕುಳಿಗಳಲ್ಲಿ ಮಳೆನೀರು ಇಂಗುತ್ತದೆ, ಬೀಜ ನಿಲ್ಲುತ್ತದೆ, ಎಲೆ ಕೊಳೆತು ಗೊಬ್ಬರವಾಗುತ್ತದೆ. ಅದಕ್ಕೆ ವಿಜ್ಞಾನಿಗಳು ಅದನ್ನು ಕಾಡಿನ ಇಂಜಿನಿಯರ್ ಅಂತ ಕರೆಯುತ್ತಾರಂತೆ. ಎರಡು ಕೆಜಿಯೂ ತೂಗದ ಇಂಜಿನಿಯರ್, ಬಿ.ಇ. ಮಾಡಿಲ್ಲ, ರಾತ್ರಿ ಪಾಳಿ, ರಜೆ ಇಲ್ಲ!

ಇದೆಲ್ಲ ಸಲೀಸಾಗಿ ಆಗಲಿಲ್ಲ. 2016ರಲ್ಲಿ ಕ್ವೋಲ್ ಎಂಬ ಚುಕ್ಕೆಯ ಪ್ರಾಣಿಯನ್ನು ತಂದು ಬಿಟ್ಟಾಗ ಗಂಡುಗಳು ಬೇಲಿ ಹತ್ತಿ ಹೊರಗೆ ಹೋಗಿ ಸತ್ತವು. ಮುಂದಿನ ಸಲ ಮರಿ ಹೊತ್ತ ಹೆಣ್ಣುಗಳನ್ನು ಮಾತ್ರ ತಂದರು. ಮರಿಗಾಗಿ ಅವು ಜಾಗ ಬಿಟ್ಟು ಕದಲಲಿಲ್ಲ, ಉಳಿದುಕೊಂಡವು. ನಮ್ಮ ಸಾಫ್ಟ್‌ವೇರ್‌ನಲ್ಲೂ ಮೊದಲ ಸಲ ಸರಿಯಾಗುವ ಕೆಲಸ ಯಾವುದೂ ಇಲ್ಲ. ಆದರೆ ನಾವು ತಪ್ಪು ಮಾಡಿದರೆ ಪರದೆಯ ಮೇಲೆ ಕೆಂಪಕ್ಷರ ಬರುತ್ತದೆ, ಅಷ್ಟೆ. ಅಲ್ಲಿ ಒಂದು ಜೀವ ಹೋಗುತ್ತದೆ.

ನಡಿಗೆ ಮುಗಿಯುತ್ತಾ ಬಂದಿತ್ತು. ಎಲ್ಲರೂ ಟಾರ್ಚ್ ಆರಿಸಿ ಸುಮ್ಮನೆ ನಿಲ್ಲಿ ಅಂದರು. ಒಂದು ಕಡೆ ದೂರದಲ್ಲಿ ಬಡಾವಣೆಯ ದೀಪಗಳು, ಇನ್ನೊಂದು ಕಡೆ ಕತ್ತಲು. ಆ ಕತ್ತಲಿನಿಂದ ಒಂದು ಕೂಗು ಬಂತು. ಉದ್ದಕ್ಕೆ, ಏರುತ್ತಾ ಏರುತ್ತಾ, ಮಗು ಅತ್ತ ಹಾಗೆ. ಜೊತೆಯಲ್ಲಿದ್ದವರು ಬೆಚ್ಚಿದರು. ನನಗೆ ಮೈ ಜುಮ್ಮೆಂದಿತು, ಆದರೆ ಹೆದರಿಕೆಯಿಂದಲ್ಲ. ಅಂಥದೇ ರಾತ್ರಿ ಕೂಗನ್ನು ನಾನು ಎಲ್ಲೋ ಕೇಳಿದ್ದೆ.

ಮೇಷ್ಟ್ರು ಅದರ ಚಿತ್ರ ತೋರಿಸಿದರು. ಉದ್ದ ಕಾಲು, ದಪ್ಪ ಮಂಡಿ, ದೊಡ್ಡ ಹಳದಿ ಕಣ್ಣು, ಒಣಹುಲ್ಲಿನ ಬಣ್ಣದ ಮೈ. ಯಾರಾದರೂ ಹತ್ತಿರ ಬಂದರೆ ಓಡುವುದಿಲ್ಲ, ಕಟ್ಟಿಗೆಯ ತುಂಡಿನ ಹಾಗೆ ಅಲುಗಾಡದೆ ಇದ್ದುಬಿಡುತ್ತದೆ. ಹೆಸರು 'ಬುಷ್ ಸ್ಟೋನ್ ಕರ್ಲ್ಯೂ'. ಕ್ಯಾನ್‌ಬೆರಾ ಸುತ್ತಮುತ್ತ ಅದರ ಕೂಗು ನಿಂತು ಸುಮಾರು ನಲವತ್ತು ವರ್ಷವಾಗಿತ್ತು. 2014ರಲ್ಲಿ ತಂದು ಬಿಟ್ಟರು. ಬೇಲಿ ದಾಟಿ ಹಾರಿದ ಕೆಲವು ನರಿಗಳ ಪಾಲಾದವು. ಉಳಿದವು ನಿಧಾನಕ್ಕೆ ಜಾಗಕ್ಕೆ ಹೊಂದಿಕೊಂಡವು.

ಆ ರಾತ್ರಿ ಮನೆಗೆ ಬಂದು ಹಕ್ಕಿಗಳ ಪುಸ್ತಕ ಹುಡುಕಿದೆ. ಈ ಹಕ್ಕಿಯ ದಾಯಾದಿ ನಮ್ಮ ದೇಶದಲ್ಲಿದೆ. ಅದೇ ಹಳದಿ ಕಣ್ಣು, ಅದೇ ದಪ್ಪ ಮಂಡಿ, ಅದೇ ಅಲುಗದೆ ಅವಿತುಕೊಳ್ಳುವ ಬುದ್ಧಿ. ಕೂಗು ಸ್ವಲ್ಪ ಬೇರೆ, ಸಿಳ್ಳೆಯ ಹಾಗೆ ಚುರುಕು. ಕನ್ನಡದಲ್ಲಿ ಅದಕ್ಕೆ ಕಲ್ಗೊರವ ಅನ್ನುತ್ತಾರೆ. ಇರುವ ಜಾಗ ಯಾವುದು ಅಂತ ಓದಿದರೆ: ಒಣ ಬಯಲು, ಕಲ್ಲುನೆಲ, ಕುರುಚಲು ಕಾಡು.

ಸ್ನೇಹಿತರೇ, ಅದು ಈ ಗುಡ್ಡ. ನಮ್ಮ ಅಜ್ಜಿ ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗಿಸಿಕೊಂಡು, ಗುಡ್ಡದ ಕಡೆಯಿಂದ ಕೂಗು ಬಂದಾಗ, "ಮಲಕ್ಕೋ, ರಾತ್ರಿ ಹಕ್ಕಿ ಕಾವಲು ಬಂತು" ಅನ್ನುತ್ತಿದ್ದರು. ಅವರಿಗೆ ಹೆಸರು ಗೊತ್ತಿರಲಿಲ್ಲ, ಆದರೆ ಅದು ಇದೆ ಅಂತ ಗೊತ್ತಿತ್ತು.

ನಾನು ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಎಂಟನೇ ಕ್ಲಾಸಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಕವಳೆ ಹಣ್ಣಿಗೆ ಗುಡ್ಡಕ್ಕೆ ಹೋಗಿದ್ದಾಗ, ಕಲ್ಲುಗಳ ನಡುವೆ ಬರೀ ನೆಲದ ಮೇಲೆ ಎರಡು ಮೊಟ್ಟೆ ಸಿಕ್ಕವು. ಗೂಡೇ ಇಲ್ಲ. ಕಲ್ಲಿನ ಬಣ್ಣ, ಮೇಲೆ ಕಂದು ಮಚ್ಚೆ. ಹತ್ತು ಹೆಜ್ಜೆ ಆಚೆ ಒಂದು ಹಕ್ಕಿ ಕತ್ತು ನೀಡಿ ನೆಲಕ್ಕಂಟಿ ಕೂತಿತ್ತು. ಓಡಲಿಲ್ಲ. ನಾವು ಮೂರು ಜನ. ಮೊಟ್ಟೆಗಳನ್ನು ಜೇಬಿಗೆ ಹಾಕಿಕೊಂಡು ಬಂದೆವು. ಒಂದು ದಾರಿಯಲ್ಲೇ ಒಡೆಯಿತು. ಇನ್ನೊಂದನ್ನು ವಿಜ್ಞಾನದ ಮೇಡಂಗೆ ತೋರಿಸಿದೆವು. ಅವರು ಹೊಡೆಯಲಿಲ್ಲ. "ತಗೊಂಡು ಹೋಗಿ ಎಲ್ಲಿತ್ತೋ ಅಲ್ಲೇ ಇಟ್ಟು ಬನ್ನಿ" ಅಂದರು. ಹೋದೆವು. ಆ ಜಾಗ ಯಾವುದು ಅಂತ ಗುರುತು ಸಿಗಲಿಲ್ಲ. ಅಂದಾಜಿನ ಮೇಲೆ ಒಂದು ಕಲ್ಲಿನ ಪಕ್ಕ ಇಟ್ಟು ಬಂದೆವು. ಮೇಡಂ ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಮೇಡಂ, ಆವತ್ತು ನಾವು "ಅಲ್ಲೇ ಇಟ್ಟು ಬಂದ್ವಿ" ಅಂತ ಹೇಳಿದ್ದು ಪೂರ್ತಿ ನಿಜವಲ್ಲ.

ಒಂದು ದೇಶ ನಲವತ್ತು ವರ್ಷದ ಮೇಲೆ ವಾಪಸ್ ತರಿಸಿಕೊಂಡ ಹಕ್ಕಿಯ ದಾಯಾದಿ ನಮ್ಮ ಶಾಲೆಯ ಹಿಂದೆ ಬಾಡಿಗೆಯಿಲ್ಲದೆ ಇದೆ. ಅವರು ಬೇಲಿ ಕಟ್ಟಿದರು, ಲಾರಿಗಟ್ಟಲೆ ದಿಮ್ಮಿ ತಂದರು, ಸಮುದ್ರ ದಾಟಿಸಿ ಪ್ರಾಣಿ ತಂದರು. ಅಲ್ಲಿನ ಜನರೂ ಕೈಜೋಡಿಸಿದರು. ಕಾಡಿಗೆ ಅಂಟಿಕೊಂಡಿರುವ ಫೋರ್ಡ್, ಬಾನರ್ ಅನ್ನುವ ಬಡಾವಣೆಗಳಲ್ಲಿ ಮನೆ ತೆಗೆದುಕೊಂಡವರು ಬೆಕ್ಕನ್ನು ಮನೆಯ ಆವರಣ ಬಿಟ್ಟು ಹೊರಗೆ ಬಿಡುವಂತಿಲ್ಲ. 2022ರ ಜುಲೈಯಿಂದ ಈಚೆಗೆ ಹುಟ್ಟಿದ ಬೆಕ್ಕುಗಳಿಗಂತೂ ಕ್ಯಾನ್‌ಬೆರಾದಲ್ಲೆಲ್ಲ ಇದೇ ಕಾನೂನು. ಇಷ್ಟೆಲ್ಲ ಮಾಡಿದ್ದು ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಮತ್ತೆ ಪಡೆಯುವುದಕ್ಕೆ. ನಾವು ಇನ್ನೂ ಕಳೆದುಕೊಂಡೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಸುವರ್ಣ ಮಹೋತ್ಸವದ ನೆನಪಿಗೆ, ಶಾಲೆಯ ಹಿಂದೆ ಗುಡ್ಡದ ಬುಡದಲ್ಲಿ ಪಾಳು ಬಿದ್ದಿರುವ ಜಾಗವನ್ನು ಸಮ ಮಾಡಿಸಿ ಉದ್ಯಾನ ಮಾಡೋಣ. ಹುಲ್ಲುಹಾಸು, ಕಾರಂಜಿ, ಬೆಂಚು, ಬಣ್ಣದ ದೀಪ. ಒಳ್ಳೆಯ ಮನಸ್ಸಿನಿಂದ ಹಾಕಿದ ಯೋಜನೆ. ನಾನು ಮೀಟಿಂಗ್ ನಡುವೆ ಕೂತಿದ್ದವನು, ಪೂರ್ತಿ ಓದದೆ ಹೆಬ್ಬೆಟ್ಟಿನ ಚಿತ್ರ ಒತ್ತಿ, ಐವತ್ತು ಸಾವಿರ ಕೊಡುತ್ತೇನೆ ಅಂತ ಬರೆದೆ. ಮಲ್ಲಿಗನ್ಸ್ ಫ್ಲ್ಯಾಟ್ ನೋಡಿ ಬಂದವನೇ ನಾನು! ಹದಿನೈದು ದಿನದ ಮೇಲೆ ಜೆಸಿಬಿಯ ಅಂದಾಜು ಖರ್ಚಿನ ಜೊತೆ ಜಾಗದ ಫೋಟೋ ಬಂತು. ಬಂದರೆ ಗಿಡ, ತಂಗಡಿ, ಕಾರೆ ಪೊದೆ, ಕಲ್ಲುಗಳು. ಮೊಟ್ಟೆ ಸಿಕ್ಕ ಜಾಗ. ಆಗ ಎಚ್ಚರವಾಯಿತು. 'ಪಾಳು' ಅನ್ನುವ ಮಾತನ್ನು ನಾನೂ ಒಪ್ಪಿ ಸಹಿ ಹಾಕಿದ್ದೆ.

ಅದು ಪಾಳು ಜಾಗವಲ್ಲ. ದನ ಕುರಿ ಮೇಯುವ ಗೋಮಾಳ. ಗೌಜಲಹಕ್ಕಿ, ಮೊಲ, ಉಡ, ನವಿಲು ಇರುವ ಜಾಗ. ಮಳೆ ಬಂದರೆ ಅಲ್ಲಿ ಇಂಗಿದ ನೀರೇ ಕೆಳಗಿನ ಕುಂಟೆಗೆ ಬರುವುದು. ಅಂದ ಹಾಗೆ, ಆ ಬಂದರೆ ಗಿಡ ಆಸ್ಟ್ರೇಲಿಯಾದಲ್ಲೂ ತಾನಾಗಿ ಬೆಳೆಯುತ್ತದೆ. ಅಲ್ಲಿ ಹೊಸದಾಗಿ ನೆಲೆಸಿದವರು ಬಿಯರ್ ಮಾಡಲು ಅದರ ಕಾಯಿ ಬಳಸುತ್ತಿದ್ದರಂತೆ. ನಮ್ಮಲ್ಲಿ ಅದರ ಬರಲಿನಿಂದ ಕಣ ಗುಡಿಸುತ್ತೇವೆ. ಎರಡು ದೇಶಕ್ಕೂ ಸ್ವಂತವಾದ ಗಿಡ ಅದೊಂದು ನಮ್ಮ ಗುಡ್ಡದಲ್ಲಿದೆ.

ಬೆಂಗಳೂರಿನ ಕನಕಪುರ ರಸ್ತೆಯ ಪಕ್ಕ ತುರಹಳ್ಳಿ ಕಾಡು ಇದೆ. ಅದೂ ಊರಂಚಿನ ಕುರುಚಲು ಕಾಡೇ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ, 'ಇರುವ ಕಾಡನ್ನು ಇದ್ದ ಹಾಗೆ ಬಿಡಿ' ಅಂತ ನಿಂತರು, ಸರ್ಕಾರ ಹಿಂದೆ ಸರಿಯಿತು. ಸುತ್ತ ಅಪಾರ್ಟ್‌ಮೆಂಟ್ ಎದ್ದ ಮೇಲೆ ಅವರಿಗೆ ಅದರ ಬೆಲೆ ಗೊತ್ತಾಗಿದೆ. ಬೆಂಗಳೂರು ನಮ್ಮೂರಿಗೂ ಬರುತ್ತಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಸೈಟು ಮಾರಾಟದ ಫಲಕಗಳನ್ನು ನೀವೂ ನೋಡುತ್ತಿದ್ದೀರಿ. ಇನ್ನು ಇಪ್ಪತ್ತು ವರ್ಷಕ್ಕೆ ಊರಂಚಿನ ಕಾಡು ಅಂತ ನಮಗೆ ಉಳಿಯುವುದು ಈ ಗುಡ್ಡ ಮಾತ್ರ. ಅದೂ ನಾವು ಉಳಿಸಿಕೊಂಡರೆ.

ಆಕ್ಷೇಪಣೆಗಳು ನನಗೆ ಗೊತ್ತಿವೆ. ನಿನ್ನೆ ರಾತ್ರಿ ಅಂಗಡಿ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಿದ್ದೇನೆ. "ಹಾವು ಇದೆ" ಅಂದರು. ಇದೆ. ಅದಕ್ಕೆ ಶಾಲೆಯ ಕಾಂಪೌಂಡಿನಿಂದ ಹತ್ತು ಅಡಿ ಸ್ವಚ್ಛವಾಗಿಡೋಣ. "ಕುಡುಕರು ಬಾಟಲಿ ಒಡೆಯುತ್ತಾರೆ" ಅಂದರು. ಹೌದು, ಅವರು ಕಾರಂಜಿಯ ಪಕ್ಕದ ಬೆಂಚಿನ ಮೇಲೂ ಕೂರುತ್ತಾರೆ. "ವಯಸ್ಸಾದವರಿಗೆ ಸಂಜೆ ಕೂರಲು ಜಾಗ ಬೇಡವೇ?" ಅಂತ ಒಬ್ಬರು ದೊಡ್ಡಪ್ಪ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಶಾಲೆಯ ಮುಂದಿನ ಬಯಲು ಈಗಾಗಲೇ ಸಮವಾಗಿದೆ. ಅಲ್ಲಿ ಹೊಂಗೆ, ಬೇವು, ನೇರಳೆ ನೆಟ್ಟು, ಸುತ್ತ ಕಲ್ಲುಬೆಂಚು ಹಾಕಿಸೋಣ. ನನ್ನ ಐವತ್ತು ಸಾವಿರ ಅದಕ್ಕೆ. ಹೇಳಿದ ಮಾತಿನಿಂದ ಹಿಂದೆ ಸರಿಯುತ್ತಿಲ್ಲ, ಜಾಗ ಮಾತ್ರ ಬದಲಾಯಿಸಿ ಅಂತ ಕೇಳುತ್ತಿದ್ದೇನೆ.

ಗುಡ್ಡಕ್ಕೆ ನಮಗೆ ಕ್ಯಾನ್‌ಬೆರಾದ ಬೇಲಿ ಬೇಡ. ಕುರಿ ಮೇಯಿಸುವವರನ್ನು ಹೊರಗೆ ಹಾಕುವುದೂ ಬೇಡ, ಅವರೇ ಅದರ ಕಾವಲುಗಾರರು. ನಾಲ್ಕು ಕೆಲಸ ಸಾಕು. ಒಂದು, ಜೆಸಿಬಿ ಹತ್ತಿಸಬಾರದು. ಎರಡು, ಶಿವರಾತ್ರಿಗೆ ಮೊದಲು ಬೆಂಕಿ ಹರಡದಂತೆ ಸುತ್ತ ಒಂದು ಪಟ್ಟಿ ಹುಲ್ಲು ಹೆರೆಯಬೇಕು, ಬೇಕೆಂದೇ ಬೆಂಕಿ ಇಡುವುದು ನಿಲ್ಲಬೇಕು. ಮೂರು, ಕೋಳಿ ಅಂಗಡಿಯ ತ್ಯಾಜ್ಯವನ್ನು ಗುಡ್ಡದ ಬುಡಕ್ಕೆ ಸುರಿಯಬಾರದು. ಅದಕ್ಕೆ ಬರುವ ಬೀದಿನಾಯಿಗಳೇ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ನಮ್ಮ ಕಡೆಯ ನರಿ, ಬೆಕ್ಕು ಎಲ್ಲಾ. ನಾಲ್ಕು, ಲಂಟಾನವನ್ನು ವರ್ಷಕ್ಕೆ ಸ್ವಲ್ಪ ಸ್ವಲ್ಪ ಕೈಯಿಂದಲೇ ಬೇರುಸಹಿತ ಕೀಳಬೇಕು.

ಇದರ ಜೊತೆಗೆ ಒಂದು ಪುಸ್ತಕ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಪ್ರಾಣಿ, ಹಕ್ಕಿಗಳ ದಾಖಲೆ ಬರೆದಿಡಬೇಕು. ಕಾಗದದ ಮೇಲೆ ಇದ್ದರೆ ನಾಳೆ ಯಾರಾದರೂ 'ಪಾಳು ಜಾಗ' ಅಂದಾಗ ತೋರಿಸಬಹುದು. ಅದನ್ನು ಬರೆಯುವ ಕೆಲಸ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಮಾಡಲಿ. ಹೆಸರು ಕೇಳಬೇಕಾದರೆ ಕುರಿ ಕಾಯುವ ತಾತಂದಿರನ್ನು, ಮದ್ದಿನ ಸೊಪ್ಪು ಗೊತ್ತಿರುವ ಅಜ್ಜಿಯರನ್ನು ಕೇಳಲಿ. ನನ್ನಂಥವರು ಅದನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇವೆ. ಬಿ.ಇ. ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಮಕ್ಕಳೇ, ನಿಮಗೆ ಒಂದು ಮಾತು. ನಾನು ಇಲ್ಲಿ ಐದು ಸಾವಿರ ಸಲ ಆ ಗುಡ್ಡ ನೋಡಿರಬಹುದು. ಅದರಲ್ಲಿ ಏನಿದೆ ಅಂತ ತಿಳಿಯಲು ಸಮುದ್ರ ದಾಟಿ ಬೇರೆಯವರ ಕಾಡಿಗೆ ಹೋಗಬೇಕಾಯಿತು. ನಿಮಗೆ ಅಷ್ಟು ಖರ್ಚು ಬೇಡ. ಕಾಂಪೌಂಡಿನ ಹಿಂದಿನ ಸಣ್ಣ ಗೇಟು ಸಾಕು.

ಇದು ನನ್ನ ಮನವಿ, ತೀರ್ಮಾನ ನಿಮ್ಮದು. ನಾಳೆ ಮಧ್ಯಾಹ್ನ ಸಮಿತಿಯ ಸಭೆ ಇದೆ. ಅದಕ್ಕೆ ಮೊದಲು, ನಾಳೆ ಬೆಳಿಗ್ಗೆ ಐದೂವರೆಗೆ, ಇನ್ನೂ ಕತ್ತಲಿರುವಾಗಲೇ ನಾನು ಆ ಗೇಟಿನ ಹತ್ತಿರ ನಿಂತಿರುತ್ತೇನೆ. ಸಮಿತಿಯವರೂ, ಬರಬೇಕೆನ್ನುವ ಯಾರೇ ಆಗಲಿ, ಬನ್ನಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ, ಮುಳ್ಳಿದೆ. ಮಾತಾಡದೆ ನಿಂತು ಕೇಳೋಣ. ಮೊನ್ನೆ ರಾತ್ರಿ ಬಸ್ ಇಳಿದು ಮನೆಗೆ ನಡೆದು ಹೋಗುವಾಗ ನಾನು ನಿಂತು ಕೇಳಿದೆ. ಕೂಗು ಇನ್ನೂ ಇದೆ.